ಚಾಕೊಲೇಟ್: ಹಿತ ಮತ್ತು ಮಿತ

ಮೈಸೂರು ನಗರದ ಪೂರ್ವಭಾಗದಲ್ಲಿ ಉದಯಗಿರಿ ಎಂಬ ಬಡಾವಣೆಯಿದೆ. ದಿನದಿನದ ದುಡಿಮೆಯನ್ನೇ ನೆಚ್ಚಿ ಬಾಳುವ ಕುಟುಂಬಗಳು ಅಲ್ಲಿ ಬಹಳ. ಸಂಜೆ ಶಾಲೆಯ ಗಂಟೆ ಬಾರಿಸಿತೆಂದರೆ ಅಲ್ಲಿಯ ಬೀದಿಗಳು ಮಕ್ಕಳಿಂದ ತುಂಬಿಹೋಗುತ್ತವೆ. ಮನೆಯಲ್ಲಿ ಕೊಟ್ಟ ಹತ್ತು ರೂಪಾಯಿಯನ್ನು ಅಂಗೈಯಲ್ಲಿ ಬಿಗಿಹಿಡಿದ ಬಾಲಕನೊಬ್ಬ ಮೂಲೆಯ ಅಂಗಡಿಯ ಮುಂದೆ ನಿಲ್ಲುತ್ತಾನೆ. ಬಣ್ಣಬಣ್ಣದ ಹೊದಿಕೆಯ ಚಾಕೊಲೇಟುಗಳು ಅವನನ್ನು ಕೈಬೀಸಿ ಕರೆಯುತ್ತವೆ. ಅದೇ ಹಣಕ್ಕೆ ಒಂದೆರಡು ಬಾಳೆಹಣ್ಣು ದೊರೆತೀತು, ಕಡಲೆಕಾಯಿ ಮಿಠಾಯಿಯೂ ದೊರೆತೀತು. ಆದರೆ ಅವನ ಕಣ್ಣು ಅತ್ತ ಹೊರಳುವುದಿಲ್ಲ.

ಚಾಕೊಲೇಟ್ ಹಿಡಿದು ಮನೆಗೆ ಬಂದರೆ ಅಲ್ಲಿ ಎರಡು ಮಾತು. “ಬೇಡ ಮಗು, ಹಲ್ಲು ಹುಳುಕು ಹಿಡಿದೀತು” ಎನ್ನುತ್ತಾಳೆ ಅಜ್ಜಿ. “ಅಜ್ಜಿ, ಚಾಕೊಲೇಟ್ ಹೃದಯಕ್ಕೆ ಒಳ್ಳೆಯದಂತೆ, ಪತ್ರಿಕೆಯಲ್ಲಿ ಬಂದಿದೆ” ಎನ್ನುತ್ತಾನೆ ಕಾಲೇಜಿಗೆ ಹೋಗುವ ಅಣ್ಣ. ಇಂಥ ಸಂಭಾಷಣೆ ಒಂದು ಮನೆಗೆ ಸೀಮಿತವಾದುದಲ್ಲ. ಚಾಕೊಲೇಟ್ ಹೊಕ್ಕ ಮನೆಯಲ್ಲೆಲ್ಲ ಈ ಚರ್ಚೆಯೂ ಹೊಕ್ಕಿದೆ. ಹಾಗಾದರೆ ಇವರಿಬ್ಬರಲ್ಲಿ ಯಾರ ಮಾತು ನಿಜ?

ಆಹಾರದ ಗುಣದೋಷಗಳನ್ನು ಪರೀಕ್ಷೆಯಿಂದಲೇ ನಿರ್ಣಯಿಸಬೇಕೆಂಬ ಪರಿಪಾಠ ಮೈಸೂರಿಗೆ ಹೊಸದಲ್ಲ. ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು 1950ರಲ್ಲಿ ಈ ನಗರದ ಚೆಲುವಾಂಬ ವಿಲಾಸ ಭವನದಲ್ಲಿ ಆರಂಭವಾಯಿತು. ದೇಶದ ಸೈನಿಕರಿಗೆ ಬೇಕಾದ ಆಹಾರವನ್ನು ರೂಪಿಸುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು 1961ರಲ್ಲಿ ಸ್ಥಾಪಿತವಾಗಿ, ಇಂದು ನಗರದ ಸಿದ್ಧಾರ್ಥನಗರದಲ್ಲಿ ಕಾರ್ಯನಿರತವಾಗಿದೆ. ಇಂಥ ನಗರದ ಮಕ್ಕಳು ತಾವು ತಿನ್ನುವ ತಿನಿಸನ್ನು ಕುರಿತು “ಇದರಲ್ಲಿ ಏನಿದೆ? ಎಷ್ಟಿದೆ?” ಎಂದು ಕೇಳಿಕೊಳ್ಳುವುದು ಯೋಗ್ಯವೇ ಆಗಿದೆ. ಅಜ್ಜಿ ಮತ್ತು ಅಣ್ಣನ ವಾದಕ್ಕೆ ಉತ್ತರ ಅಡಗಿರುವುದೂ ಈ ಎರಡು ಪ್ರಶ್ನೆಗಳಲ್ಲಿಯೇ.

ಮೊದಲ ಪ್ರಶ್ನೆಯನ್ನು ಹಿಡಿದು ಹೊರಟರೆ ಅದು ಒಂದು ಮರದ ಬುಡಕ್ಕೆ ಕರೆದೊಯ್ಯುತ್ತದೆ. ಚಾಕೊಲೇಟಿನ ಮೂಲ ಕೋಕೋ ಮರದ ಬೀಜ. ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲ್ಪಾತ್ರದ ಕಾಡುಗಳು ಈ ಮರದ ತವರು. ಮಧ್ಯ ಅಮೆರಿಕದ ಮಾಯಾ ಮತ್ತು ಅಜ್ಟೆಕ್ ಜನರು ಇದರ ಬೀಜವನ್ನು ಹುರಿದು, ಅರೆದು, ನೀರಿನಲ್ಲಿ ಕದಡಿ ನೊರೆಬರಿಸಿ ಕುಡಿಯುತ್ತಿದ್ದರು. ಆ ಪಾನೀಯ ಕಹಿಯಾಗಿತ್ತು. ಹದಿನಾರನೆಯ ಶತಮಾನದಲ್ಲಿ ಸ್ಪೇನ್ ದೇಶದವರು ಅದನ್ನು ಯೂರೋಪಿಗೆ ಒಯ್ದ ಮೇಲೆ ಸಕ್ಕರೆ ಅದರೊಡನೆ ಕೂಡಿಕೊಂಡಿತು. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸನು ಈ ಮರದ ಕುಲಕ್ಕೆ ‘ಥಿಯೋಬ್ರೋಮ’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ‘ದೇವತೆಗಳ ಆಹಾರ’ ಎಂದು ಅದರ ಅರ್ಥ. 1847ರಲ್ಲಿ ಇಂಗ್ಲೆಂಡಿನ ಫ್ರೈ ಸಂಸ್ಥೆ ಗಟ್ಟಿಯಾದ ಚಾಕೊಲೇಟ್ ಹಲಗೆಯನ್ನು ತಯಾರಿಸಿತು. ಸ್ವಿಟ್ಜರ್‌ಲೆಂಡಿನ ಡೇನಿಯಲ್ ಪೀಟರನು 1870ರ ದಶಕದಲ್ಲಿ ಅದಕ್ಕೆ ಹಾಲನ್ನು ಬೆರೆಸಿದನು. ಕಹಿಯಾಗಿ ಹುಟ್ಟಿದ್ದು ಹೀಗೆ ಹೆಜ್ಜೆ ಹೆಜ್ಜೆಗೂ ಸಿಹಿಯಾಗುತ್ತ ಬಂದಿತು.

ಈ ಮರವನ್ನು ನೋಡಲು ಕನ್ನಡಿಗರು ಕಡಲು ದಾಟಬೇಕಾಗಿಲ್ಲ. ಮೈಸೂರಿನಿಂದ ಮಡಿಕೇರಿಯ ಘಟ್ಟವನ್ನಿಳಿದು ಸುಮಾರು 200 ಕಿಲೋಮೀಟರ್ ಸಾಗಿದರೆ ಪುತ್ತೂರು ಸಿಗುತ್ತದೆ. ಅಲ್ಲಿಂದ ಕಾಸರಗೋಡಿನವರೆಗೆ ಹಬ್ಬಿರುವ ಅಡಕೆ ತೋಟಗಳಲ್ಲಿ ಅಡಕೆ ಮರಗಳ ನಡುವೆ ಕೋಕೋ ಗಿಡಗಳು ಕಾಣುತ್ತವೆ. ಆ ಸೀಮೆಯ ಜನ ಇದನ್ನು ‘ಕೊಕ್ಕೊ’ ಎನ್ನುತ್ತಾರೆ. ಕೋಕೋ ನೆರಳನ್ನು ಸಹಿಸುವ ಗಿಡ. ಆದಕಾರಣ ಅಡಕೆಗೆ ಹಾಯಿಸಿದ ನೀರಿನಲ್ಲಿಯೇ, ಅಡಕೆಯ ನೆರಳಿನಲ್ಲಿಯೇ ಅದು ಉಪಬೆಳೆಯಾಗಿ ಬೆಳೆಯುತ್ತದೆ. ಇದರ ಕಾಯಿಗಳು ಕೊಂಬೆಯ ತುದಿಯಲ್ಲಿ ತೂಗುವುದಿಲ್ಲ. ಹಲಸಿನಂತೆ ಕಾಂಡಕ್ಕೇ ಅಂಟಿಕೊಂಡು ಬಿಡುತ್ತವೆ. ಹಣ್ಣನ್ನು ಒಡೆದರೆ ಬಿಳಿಯ ಲೋಳೆಯಂಥ ತಿರುಳು, ಅದರೊಳಗೆ ಮೂವತ್ತು ನಲವತ್ತು ಬೀಜಗಳು. ಆ ತಿರುಳಿನ ಸಿಹಿಯನ್ನು ಮಂಗಗಳೂ ಅಳಿಲುಗಳೂ ಬಲ್ಲವು. ಬೆಳೆಗಾರನಿಗಿಂತ ಮೊದಲೇ ಅವು ತಮ್ಮ ಪಾಲನ್ನು ಪಡೆಯುವುದುಂಟು.

ಈ ಬೆಳೆಯ ಹಿಂದೆ ರೈತರ ಬವಣೆಯ ಕಥೆಯೂ ಇದೆ. ಅಡಕೆಯ ಬೆಲೆಕುಸಿತದಿಂದ ನೊಂದ ಕರ್ನಾಟಕ ಮತ್ತು ಕೇರಳದ ಬೆಳೆಗಾರರು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಒಂದು ಸಹಕಾರ ಸಂಸ್ಥೆಯನ್ನು ಕಟ್ಟಿದರು. ಕ್ಯಾಂಪ್ಕೊ ಎಂದು ಪ್ರಸಿದ್ಧವಾಗಿರುವ ಸಂಸ್ಥೆ ಇದೇ. 1980ರ ಹೊತ್ತಿಗೆ ಲೋಕದ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಇಳಿಯಿತು. ಬೆಳೆದ ಬೀಜವನ್ನು ಕೊಳ್ಳುವವರಿಲ್ಲದೆ ಕಂಗೆಟ್ಟ ರೈತರ ಕೈಹಿಡಿದು ಈ ಸಂಸ್ಥೆಯೇ ಕೋಕೋ ಖರೀದಿಗೆ ಇಳಿಯಿತು. ಬೀಜವನ್ನು ಮಾರಿದರಷ್ಟೇ ಸಾಲದು, ಅದರಿಂದ ಚಾಕೊಲೇಟನ್ನೂ ತಾವೇ ತಯಾರಿಸಬೇಕೆಂದು ನಿಶ್ಚಯಿಸಿ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆಯನ್ನು ತೆರೆಯಿತು. ಬಾಲಕನ ಅಂಗೈಯಲ್ಲಿರುವ ತುಂಡಿನ ಹಿಂದೆ ಇಂಥ ಬೆವರೂ ಇದೆಯೆಂಬುದನ್ನು ಮರೆಯಲಾಗದು.

ಬೀಜವು ಚಾಕೊಲೇಟ್ ಆಗುವ ಬಗೆಯನ್ನು ತಿಳಿದರೆ ಅದರ ಗುಣದೋಷಗಳು ತಾವಾಗಿ ಸ್ಪಷ್ಟವಾಗುತ್ತವೆ. ಹಣ್ಣಿನಿಂದ ತೆಗೆದ ಹಸಿಬೀಜವನ್ನು ರಾಶಿಹಾಕಿ ಐದಾರು ದಿನ ಹುಳಿಯಲು ಬಿಡುತ್ತಾರೆ. ಆಗ ರಾಶಿಯಲ್ಲಿ ಬಿಸಿಯೇರಿ, ತಿರುಳು ಕರಗಿ, ಬೀಜದ ಒಳಗೆ ಪರಿಮಳಕ್ಕೆ ಕಾರಣವಾದ ಬದಲಾವಣೆಗಳು ನಡೆಯುತ್ತವೆ. ಬಳಿಕ ಬಿಸಿಲಿನಲ್ಲಿ ಒಣಗಿಸಿ, ಕಾರ್ಖಾನೆಯಲ್ಲಿ ಹುರಿದು, ಸಿಪ್ಪೆ ತೂರಿ ಅರೆಯುತ್ತಾರೆ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬೇ ಇರುವುದರಿಂದ ಅರೆದುದು ಪುಡಿಯಾಗದೆ ದಟ್ಟವಾದ ದ್ರವವಾಗುತ್ತದೆ. ಈ ಕೊಬ್ಬಿಗೆ ಕೋಕೋ ಬೆಣ್ಣೆಯೆಂದು ಹೆಸರು. ಅದನ್ನು ಹಿಂಡಿ ತೆಗೆದ ಮೇಲೆ ಉಳಿಯುವ ಹಿಂಡಿಯೇ ಕೋಕೋ ಪುಡಿ. ಅರೆದ ಕೋಕೋ, ಕೋಕೋ ಬೆಣ್ಣೆ ಮತ್ತು ಸಕ್ಕರೆ ಸೇರಿದರೆ ಕಪ್ಪು ಚಾಕೊಲೇಟ್. ಅದಕ್ಕೆ ಹಾಲಿನ ಪುಡಿಯನ್ನೂ ಇನ್ನಷ್ಟು ಸಕ್ಕರೆಯನ್ನೂ ಸೇರಿಸಿದರೆ ಹಾಲಿನ ಚಾಕೊಲೇಟ್. ಬಿಳಿಯ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆ ಮಾತ್ರ ಇರುತ್ತದೆ, ಬೀಜದ ಉಳಿದ ಸಾರ ಇರುವುದಿಲ್ಲ. ಒಂದೇ ಹೆಸರಿನಲ್ಲಿ ಮಾರಾಟವಾಗುವ ಈ ವಸ್ತುಗಳ ಗುಣ ಒಂದೇ ಅಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಅಣ್ಣನ ಮಾತನ್ನು ಮೊದಲು ಪರಿಶೀಲಿಸಬಹುದು. ಕೋಕೋ ಬೀಜದಲ್ಲಿ ಫ್ಲವನಾಲ್ ಎಂಬ ಸಸ್ಯಜನ್ಯ ಪದಾರ್ಥಗಳಿವೆ. ಚಹಾದ ಎಲೆಯಲ್ಲಿಯೂ ಸೇಬಿನಲ್ಲಿಯೂ ಇವು ಉಂಟು. ಇವು ರಕ್ತನಾಳಗಳ ಒಳಪದರವನ್ನು ಪ್ರಚೋದಿಸಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಉತ್ಪತ್ತಿಗೆ ನೆರವಾಗುತ್ತವೆ. ಆ ಅನಿಲದ ಪ್ರಭಾವದಿಂದ ನಾಳಗಳ ಬಿಗುವು ಸಡಿಲಿ ರಕ್ತದ ಹರಿವು ಸರಾಗವಾಗುತ್ತದೆ. ಪನಾಮಾ ದೇಶದ ಕರಾವಳಿಯ ದ್ವೀಪಗಳಲ್ಲಿ ನೆಲೆಸಿರುವ ಕುನಾ ಎಂಬ ಮೂಲನಿವಾಸಿಗಳು ಕೋಕೋ ಪಾನೀಯವನ್ನು ಯಥೇಚ್ಛವಾಗಿ ಕುಡಿಯುತ್ತಿದ್ದರು. ಅವರಲ್ಲಿ ವಯಸ್ಸಾದರೂ ರಕ್ತದೊತ್ತಡ ಏರುವುದು ವಿರಳವೆಂದು ವೈದ್ಯರು ಗುರುತಿಸಿದರು. ಅದೇ ಜನರು ನಗರಕ್ಕೆ ಬಂದು ನೆಲೆಸಿದಾಗ ರಕ್ತದೊತ್ತಡ ಏರಿತು. ನಗರದಲ್ಲಿ ಬದಲಾದದ್ದು ಪಾನೀಯವೊಂದೇ ಅಲ್ಲ, ಇಡೀ ಜೀವನಕ್ರಮವೇ ಬದಲಾಗಿತ್ತು. ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ಕೋಕೋಗೆ ಸಲ್ಲಿಸುವಂತಿರಲಿಲ್ಲ. ಪ್ರಯೋಗದಿಂದಲೇ ಅದನ್ನು ಪರೀಕ್ಷಿಸಬೇಕಾಯಿತು.

ಅಂಥ ಪ್ರಯೋಗಗಳು ಹಲವು ನಡೆದವು. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಆಶ್ರಯದಲ್ಲಿ 2017ರಲ್ಲಿ ಇಂಥ 35 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಲಾಯಿತು. ಫ್ಲವನಾಲ್ ಹೇರಳವಾಗಿರುವ ಕೋಕೋ ಸೇವಿಸಿದವರಲ್ಲಿ ರಕ್ತದೊತ್ತಡ ಇಳಿದುದು ನಿಜ. ಆದರೆ ಇಳಿದ ಪ್ರಮಾಣ ಸರಾಸರಿ 2 ಮಿಲಿಮೀಟರಿಗಿಂತ ಕಡಿಮೆ. ಅಮೆರಿಕದಲ್ಲಿ 21,442 ಮಂದಿ ಹಿರಿಯರನ್ನು ಒಳಗೊಂಡ ದೊಡ್ಡ ಪ್ರಯೋಗವೊಂದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಜನರಿಗೆ ದಿನವೂ 500 ಮಿಲಿಗ್ರಾಂ ಫ್ಲವನಾಲ್ ಇರುವ ಕೋಕೋ ಸಾರವನ್ನು ಮೂರು ವರ್ಷಗಳಿಗೂ ಮೇಲ್ಪಟ್ಟು ಕೊಡಲಾಯಿತು. ಹೃದ್ರೋಗದಿಂದ ಉಂಟಾದ ಮರಣಗಳು ಅವರಲ್ಲಿ ಕಡಿಮೆ ಕಂಡುಬಂದರೂ, ಹೃದಯಾಘಾತ ಮೊದಲಾದ ಎಲ್ಲ ತೊಂದರೆಗಳನ್ನು ಕೂಡಿಸಿ ಎಣಿಸಿದಾಗ ಖಚಿತವೆನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದುಂಟು. ಅವರಿಗೆ ಕೊಟ್ಟದ್ದು ಕೋಕೋ ಸಾರದ ಗುಳಿಗೆಯೇ ಹೊರತು ಚಾಕೊಲೇಟ್ ಅಲ್ಲ. ಕೋಕೋವನ್ನು ಹುರಿಯುವಾಗಲೂ ಅದರ ಕಹಿಯನ್ನು ತಗ್ಗಿಸಲು ಕ್ಷಾರದಿಂದ ಸಂಸ್ಕರಿಸುವಾಗಲೂ ಫ್ಲವನಾಲಿನ ಬಹುಭಾಗ ನಷ್ಟವಾಗುತ್ತದೆ. ಅಂಗಡಿಯ ಹಾಲಿನ ಚಾಕೊಲೇಟಿನಿಂದ ಅಷ್ಟು ಫ್ಲವನಾಲನ್ನು ಪಡೆಯಹೊರಟರೆ, ಅದು ಒದಗುವ ಮೊದಲೇ ಸಕ್ಕರೆ ಮತ್ತು ಕೊಬ್ಬು ಮಿತಿಮೀರುತ್ತವೆ.

ಕೋಕೋದಲ್ಲಿ ಮೆಗ್ನೀಷಿಯಂ, ತಾಮ್ರ, ಕಬ್ಬಿಣ ಮೊದಲಾದ ಖನಿಜಗಳೂ ಇವೆ. ಅಲ್ಪ ತೂಕದಲ್ಲಿ ಅಧಿಕ ಶಕ್ತಿಯನ್ನು ಕೊಡುವುದು ಚಾಕೊಲೇಟಿನ ಇನ್ನೊಂದು ಗುಣ. ಪರ್ವತಾರೋಹಿಗಳ ಬುತ್ತಿಯಲ್ಲಿ ಅದಕ್ಕೆ ಸ್ಥಾನ ದೊರೆತುದು ಇದರಿಂದಲೇ. 1953ರ ಮೇ 29ರಂದು ಎವರೆಸ್ಟ್ ಶಿಖರವನ್ನೇರಿದ ತೇನ್‌ಸಿಂಗ್ ಅಲ್ಲಿಯ ಹಿಮದಲ್ಲಿ ದೇವತೆಗಳಿಗೆ ನೈವೇದ್ಯವಾಗಿ ಹುಗಿದಿಟ್ಟ ತಿನಿಸುಗಳಲ್ಲಿ ಚಾಕೊಲೇಟೂ ಇತ್ತು. ಆದರೆ ಶಿಖರವನ್ನೇರುವವನಿಗೆ ಹಿತವಾದುದು, ಕುಳಿತಲ್ಲೇ ಕುಳಿತು ದೂರದರ್ಶನ ನೋಡುವವನಿಗೆ ಹಿತವಾಗಲಾರದು. ಒಬ್ಬನಿಗೆ ಬಲವಾಗುವ ಶಕ್ತಿಯೇ ಇನ್ನೊಬ್ಬನಿಗೆ ಬೊಜ್ಜಾಗಿ ಪರಿಣಮಿಸುತ್ತದೆ.

ಇನ್ನು ಅಜ್ಜಿಯ ಮಾತು. ಹಾಲಿನ ಚಾಕೊಲೇಟಿನ ತೂಕದಲ್ಲಿ ಸುಮಾರು ಅರ್ಧದಷ್ಟು ಸಕ್ಕರೆಯೇ ಇರುತ್ತದೆ. 40 ಗ್ರಾಂ ತೂಕದ ಒಂದು ಹಲಗೆಯಲ್ಲಿ ಸುಮಾರು 20 ಗ್ರಾಂ, ಎಂದರೆ ನಾಲ್ಕು ಅಥವಾ ಐದು ಚಹಾ ಚಮಚದಷ್ಟು ಸಕ್ಕರೆ. ಆ ಹಲಗೆ ಕೊಡುವ ಶಕ್ತಿ 200 ಕಿಲೋಕ್ಯಾಲೊರಿಗೂ ಮೇಲು. ಆಹಾರಕ್ಕೆ ಮೇಲಾಗಿ ಸೇರಿಸಿದ ಸಕ್ಕರೆಯು ದಿನದ ಒಟ್ಟು ಶಕ್ತಿಯ ಶೇಕಡ 10ನ್ನು ಮೀರಬಾರದೆಂದೂ, ಶೇಕಡ 5ರೊಳಗಿದ್ದರೆ ಇನ್ನೂ ಲೇಸೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ದಿನಕ್ಕೆ 2,000 ಕಿಲೋಕ್ಯಾಲೊರಿ ಬೇಕಾಗುವವರಿಗೆ ಶೇಕಡ 5 ಎಂದರೆ ಕೇವಲ 25 ಗ್ರಾಂ. ಒಂದೇ ಹಲಗೆಯಿಂದ ಅದರ ಬಹುಪಾಲು ಮುಗಿದುಹೋಗುತ್ತದೆ. ಬೆಳಗಿನ ಕಾಫಿ, ಸಂಜೆಯ ಚಹಾ, ಬಿಸ್ಕತ್ತು ಮತ್ತು ಹಬ್ಬದ ಮೈಸೂರುಪಾಕುಗಳ ಲೆಕ್ಕ ಇನ್ನೂ ಬಾಕಿಯಿರುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಆ ರೋಗಕ್ಕೆ ಚಾಕೊಲೇಟೊಂದೇ ಕಾರಣವೆನ್ನುವುದು ಸಲ್ಲದು. ಆದರೆ ಬಾಲ್ಯದಲ್ಲಿ ಬೇರೂರಿದ ಅತಿಸಿಹಿಯ ಚಟ ಬೊಜ್ಜಿಗೆ ದಾರಿಮಾಡುತ್ತದೆ. ಬೊಜ್ಜು ಮಧುಮೇಹಕ್ಕೆ ಬಾಗಿಲು ತೆರೆಯುತ್ತದೆ.

ಹಲ್ಲಿನ ವಿಷಯದಲ್ಲಿಯೂ ಅಜ್ಜಿಯ ಎಚ್ಚರಿಕೆಗೆ ಆಧಾರವಿದೆ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನುಂಡು ಆಮ್ಲವನ್ನು ಹೊರಸೂಸುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿಯಾದ ಹೊರಕವಚವನ್ನು ಸವೆಸುತ್ತದೆ. ಪ್ರತಿ ಸಲ ಸಿಹಿ ತಿಂದಾಗಲೂ ಸುಮಾರು ಅರ್ಧ ಗಂಟೆಯ ಕಾಲ ಈ ದಾಳಿ ನಡೆಯುತ್ತದೆ. ಬಳಿಕ ಜೊಲ್ಲುರಸ ಆಮ್ಲವನ್ನು ಶಮನಗೊಳಿಸಿ, ಸವೆದ ಭಾಗಕ್ಕೆ ಮತ್ತೆ ಖನಿಜವನ್ನು ತುಂಬತೊಡಗುತ್ತದೆ. ಅಷ್ಟರಲ್ಲಿ ಮತ್ತೊಂದು ತುಂಡು ಬಾಯಿಗೆ ಬಿದ್ದರೆ ದುರಸ್ತಿಗೆ ಅವಕಾಶವೇ ದೊರೆಯದು. 1940ರ ದಶಕದಲ್ಲಿ ಸ್ವೀಡನ್ ದೇಶದ ವಿಪೆಹೋಲ್ಮ್ ಎಂಬಲ್ಲಿ ಈ ವಿಷಯವಾಗಿ ಒಂದು ಪ್ರಯೋಗ ನಡೆಯಿತು. ಊಟದೊಡನೆ ಸಕ್ಕರೆ ಸೇವಿಸಿದವರ ಹಲ್ಲು ಹೆಚ್ಚು ಕೆಡಲಿಲ್ಲ. ಊಟಗಳ ನಡುವೆ ಪದೇ ಪದೇ ಅಂಟುಮಿಠಾಯಿ ತಿಂದವರ ಹಲ್ಲು ಬಹಳವಾಗಿ ಹುಳುಕಾದವು. ಚಾಕೊಲೇಟಿನಿಂದ ಆದ ಹಾನಿ ಅಂಟುಮಿಠಾಯಿಯಷ್ಟು ಇರಲಿಲ್ಲ. ಆದರೆ ಈ ಪ್ರಯೋಗಕ್ಕೆ ಒಳಪಟ್ಟವರು ಬುದ್ಧಿಮಾಂದ್ಯರ ಆಶ್ರಯಧಾಮದ ನಿವಾಸಿಗಳು. ಅವರ ಒಪ್ಪಿಗೆಯನ್ನು ಪಡೆಯದೆ ಅವರ ಹಲ್ಲುಗಳನ್ನು ಕೆಡಿಸಿದುದು ಅನ್ಯಾಯವೆಂದು ಲೋಕ ಮುಂದೆ ಖಂಡಿಸಿತು. ಅಸಹಾಯಕರ ನೋವಿನಿಂದ ದೊರೆತ ಈ ಅರಿವನ್ನು ಅಲಕ್ಷಿಸುವುದು ಇನ್ನೊಂದು ಅನ್ಯಾಯವಾದೀತು. ಎಷ್ಟು ಸಿಹಿ ತಿಂದೆವು ಎನ್ನುವಷ್ಟೇ, ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದೂ ಮುಖ್ಯ. ಅದೇ ಅದರ ಪಾಠ.

ಇತರ ಕೆಲವು ಎಚ್ಚರಿಕೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಕೋಕೋದಲ್ಲಿ ಥಿಯೋಬ್ರೋಮಿನ್ ಮತ್ತು ಸ್ವಲ್ಪ ಮಟ್ಟಿಗೆ ಕೆಫೀನ್ ಎಂಬ ಉತ್ತೇಜಕಗಳಿವೆ. ರಾತ್ರಿ ಹೊತ್ತು ಕಪ್ಪು ಚಾಕೊಲೇಟನ್ನು ಬಹಳವಾಗಿ ತಿಂದರೆ ಕೆಲವರಿಗೆ ನಿದ್ರೆ ಕೆಡುತ್ತದೆ. ಎದೆಯುರಿಯಿಂದ ಬಳಲುವವರಿಗೆ ಅದು ಹೆಚ್ಚಾಗಬಹುದು. ಮನುಷ್ಯನು ಸಹಿಸಿಕೊಳ್ಳುವ ಥಿಯೋಬ್ರೋಮಿನ್ ನಾಯಿಗಳಿಗೆ ವಿಷ. ಅವುಗಳ ದೇಹ ಅದನ್ನು ಬೇಗ ಹೊರಹಾಕಲಾರದು. ಪ್ರೀತಿಯಿಂದಾದರೂ ನಾಯಿಗೆ ಚಾಕೊಲೇಟ್ ತಿನ್ನಿಸಬಾರದು. ಕೋಕೋ ಮರ ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಎಂಬ ಲೋಹವನ್ನು ಹೀರಿಕೊಳ್ಳುವುದರಿಂದ ಯೂರೋಪಿನ ಒಕ್ಕೂಟವು ಚಾಕೊಲೇಟಿನಲ್ಲಿ ಅದರ ಪ್ರಮಾಣಕ್ಕೆ ಮಿತಿಯನ್ನು ವಿಧಿಸಿದೆ. ಕಪ್ಪು ಚಾಕೊಲೇಟಾದರೂ ಮನಬಂದಷ್ಟು ತಿನ್ನಬಹುದೆಂದು ಭಾವಿಸುವುದು ತಪ್ಪು.

ಹಾಗಾದರೆ ಅಂಗಡಿಯ ಮುಂದೆ ನಿಂತ ಬಾಲಕನಿಗೆ ದಾರಿ ಯಾವುದು? ದಾರಿ ಆ ಹೊದಿಕೆಯ ಹಿಂಬದಿಯಲ್ಲಿಯೇ ಇದೆ. ನಮ್ಮ ದೇಶದ ಕಾನೂನಿನಂತೆ ಪೊಟ್ಟಣದ ಮೇಲೆ ಅದರಲ್ಲಿರುವ ಪದಾರ್ಥಗಳನ್ನು ಹೆಚ್ಚಿನದು ಮೊದಲು, ಕಡಿಮೆಯದು ಕೊನೆಗೆ ಎಂಬ ಕ್ರಮದಲ್ಲಿ ಮುದ್ರಿಸಬೇಕು. ಮೊದಲ ಹೆಸರು ಸಕ್ಕರೆಯದಾಗಿದ್ದರೆ ಅದು ಮೊದಲಿಗೆ ಸಕ್ಕರೆಯ ತಿನಿಸು, ಆಮೇಲೆ ಕೋಕೋದ ತಿನಿಸು. ದುಬಾರಿಯಾದ ಕೋಕೋ ಬೆಣ್ಣೆಗೆ ಬದಲಾಗಿ ಬೇರೆ ಸಸ್ಯಗಳ ಕೊಬ್ಬನ್ನು ಬೆರೆಸಿದ ಅಗ್ಗದ ತಿನಿಸುಗಳೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಆ ಸಂಗತಿಯೂ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳಲ್ಲಿ ತಿಳಿಯುತ್ತದೆ. ಓದುಬರಹ ಬಲ್ಲ ಮಕ್ಕಳು ಆ ಅಕ್ಷರಗಳನ್ನು ಓದಿ ಹಿರಿಯರಿಗೆ ತಿಳಿಸಿದರೆ ಅದು ಮನೆಗೇ ಉಪಕಾರ.

ಮಿತವಾಗಿ ತಿನ್ನಿರೆಂದರೆ ರೈತನಿಗೆ ನಷ್ಟವಲ್ಲವೇ ಎಂದು ಕೇಳಬಹುದು. ಒಂದು ಸಣ್ಣ ಲೆಕ್ಕ ಇದಕ್ಕೆ ಉತ್ತರ ಕೊಡುತ್ತದೆ. ಕೋಕೋ ಅಂಶ ಶೇಕಡ 70 ಇರುವ 40 ಗ್ರಾಂ ಹಲಗೆಯಲ್ಲಿ 28 ಗ್ರಾಂ ಕೋಕೋ ಇರುತ್ತದೆ. ಶೇಕಡ 25 ಇರುವ ಅಷ್ಟೇ ತೂಕದ ಹಲಗೆಯಲ್ಲಿ ಇರುವುದು 10 ಗ್ರಾಂ ಮಾತ್ರ. ಒಳ್ಳೆಯ ಚಾಕೊಲೇಟನ್ನು ಅಪರೂಪಕ್ಕೆ ತಿನ್ನುವವನು ಸಕ್ಕರೆಯನ್ನು ಬಿಟ್ಟನೇ ಹೊರತು ಪುತ್ತೂರಿನ ಬೆಳೆಗಾರನನ್ನು ಬಿಡಲಿಲ್ಲ.

ಅಣ್ಣ ಹೇಳಿದ್ದು ಕೋಕೋ ಬೀಜದ ಮಾತು. ಅಜ್ಜಿ ಹೇಳಿದ್ದು ಸಕ್ಕರೆಯ ಮಾತು. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಬೀಜದ ಹೆಸರು ಹೇಳಿ ಸಕ್ಕರೆಯನ್ನು ತಿನ್ನುವುದು ತನ್ನನ್ನು ತಾನೇ ವಂಚಿಸಿಕೊಂಡಂತೆ. ಚಾಕೊಲೇಟ್ ಔಷಧವೂ ಅಲ್ಲ, ವಿಷವೂ ಅಲ್ಲ. ಅದೊಂದು ರುಚಿಯಾದ ತಿನಿಸು. ಊಟವಾದ ಮೇಲೆ ಒಂದು ತುಂಡನ್ನು ಮನೆಯವರೆಲ್ಲ ಹಂಚಿಕೊಂಡು ತಿಂದು, ಬಾಯಿ ಮುಕ್ಕಳಿಸಿದರೆ ಯಾರಿಗೂ ಕೇಡಿಲ್ಲ. ಉಳಿದ ದಿನಗಳಲ್ಲಿ ಉದಯಗಿರಿಯ ಬಾಲಕನ ಅಂಗೈಯ ಹತ್ತು ರೂಪಾಯಿಗೆ ಬಾಳೆಹಣ್ಣೋ ಕಡಲೆಕಾಯಿಯೋ ದೊರೆತರೆ, ಅವನ ಹಸಿವೂ ತಣಿದೀತು, ಹಲ್ಲೂ ಉಳಿದೀತು. ಹಿತವಾದುದನ್ನು ಅರಿಯುವುದು ವಿದ್ಯೆ. ಅದನ್ನು ಮಿತವಾಗಿ ಬಳಸುವುದು ವಿವೇಕ.

ಪದಗಳ ಅರ್ಥ

ಪರಿಪಾಠ – ರೂಢಿ, ವಾಡಿಕೆ
ಬವಣೆ – ಕಷ್ಟ, ತೊಳಲಾಟ
ಉಪಬೆಳೆ – ಮುಖ್ಯ ಬೆಳೆಯ ನಡುವೆ ಬೆಳೆಯುವ ಇನ್ನೊಂದು ಬೆಳೆ
ಯಥೇಚ್ಛ – ಬೇಕಾದಷ್ಟು
ಬುತ್ತಿ – ಪ್ರಯಾಣದಲ್ಲಿ ಒಯ್ಯುವ ಆಹಾರ
ಶಮನ – ತಣಿಸುವಿಕೆ, ಅಡಗಿಸುವಿಕೆ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಥಿಯೋಬ್ರೋಮ’ ಎಂಬ ಹೆಸರಿನ ಅರ್ಥವೇನು?
2. ಕೋಕೋವನ್ನು ಅಡಕೆ ತೋಟದಲ್ಲಿ ಉಪಬೆಳೆಯಾಗಿ ಬೆಳೆಯಲು ಕಾರಣವೇನು?
3. ಬಿಳಿಯ ಚಾಕೊಲೇಟಿನಲ್ಲಿ ಕೋಕೋ ಬೀಜದ ಯಾವ ಅಂಶ ಮಾತ್ರ ಇರುತ್ತದೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕೋಕೋ ಬೆಳೆಗಾರರಿಗೆ ಸಹಕಾರ ಸಂಸ್ಥೆ ಹೇಗೆ ನೆರವಾಯಿತು?
2. ಪದೇ ಪದೇ ಸಿಹಿ ತಿನ್ನುವುದರಿಂದ ಹಲ್ಲು ಕೆಡುವುದು ಹೇಗೆ?
3. ವಿಪೆಹೋಲ್ಮ್ ಪ್ರಯೋಗದಿಂದ ತಿಳಿದುಬಂದುದೇನು? ಅದನ್ನು ಅನ್ಯಾಯವೆಂದು ಖಂಡಿಸಲು ಕಾರಣವೇನು?

ಇ. ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
“ಬೀಜದ ಹೆಸರು ಹೇಳಿ ಸಕ್ಕರೆಯನ್ನು ತಿನ್ನುವುದು ತನ್ನನ್ನು ತಾನೇ ವಂಚಿಸಿಕೊಂಡಂತೆ.”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಯಥೇಚ್ಛ, ಹೃದಯಾಘಾತ, ಪರ್ವತಾರೋಹಿ

ಉ. ಮಾಡಿ ನೋಡಿರಿ.
ಮೂರು ಬಗೆಯ ಚಾಕೊಲೇಟ್ ಹೊದಿಕೆಗಳನ್ನು ಸಂಗ್ರಹಿಸಿರಿ. ಪ್ರತಿಯೊಂದರಲ್ಲಿಯೂ ಮೊದಲು ಮುದ್ರಿತವಾಗಿರುವ ಪದಾರ್ಥ ಯಾವುದು, 100 ಗ್ರಾಂನಲ್ಲಿ ಸಕ್ಕರೆ ಎಷ್ಟು ಎಂಬುದನ್ನು ಪಟ್ಟಿಮಾಡಿ ತರಗತಿಯಲ್ಲಿ ಚರ್ಚಿಸಿರಿ.